ಒಂದು ಕವರ್ ಅವರೆಕಾಯಿ

ಯುವಕರ ಕೂಟದ ಪಾಠ. ವಾಕ್ಯಭಾಗ: 2 ಸಮುವೇಲ 17:24–29, 1 ಕೊರಿಂಥ 10:25–30

ಎರಡೂ ವಾಕ್ಯಭಾಗ ತೆರೆದಿಟ್ಟುಕೊಳ್ಳಿ. ಫೋನಿನಲ್ಲಿ ಓದುವವರು ಬೈಬಲ್ ಆ್ಯಪ್ ಇಟ್ಟುಕೊಂಡು ವಾಟ್ಸಾಪ್ ಮುಚ್ಚಿ. ಇವತ್ತಿನ ಪಾಠ ನಮ್ಮ ಆಫೀಸಿನಿಂದ ಶುರುವಾಗುತ್ತೆ. ಅದರಲ್ಲಿ ಒಳ್ಳೆ ಕೆಲಸ ಮಾಡಿದವನು ನಾನಲ್ಲ, ಮೊದಲೇ ಹೇಳಿಬಿಡ್ತೀನಿ.

ನಿಮಗೆ ಗೊತ್ತಿರೋ ಹಾಗೆ ಸೋಮವಾರದಿಂದ ಶನಿವಾರ ನಾನು ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡ್ತೀನಿ. ನಮ್ಮ ಸ್ಟೋರ್ಸ್‌ನಲ್ಲಿ ಒಬ್ಬ ಅಣ್ಣ ಇದ್ದಾರೆ. ವಯಸ್ಸು ಐವತ್ತು ದಾಟಿದೆ. ಮಾಗಡಿ ಕಡೆಯವರು. ವಾರ ಪೂರ್ತಿ ಬೆಂಗಳೂರಿನಲ್ಲಿ ಒಂದು ರೂಮಿನಲ್ಲಿದ್ದು ಶನಿವಾರ ಸಂಜೆ ಊರಿಗೆ ಹೋಗ್ತಾರೆ, ಸೋಮವಾರ ಮೊದಲನೇ ಬಸ್ಸಿಗೆ ವಾಪಸ್ ಬರ್ತಾರೆ. ಊರಲ್ಲಿ ಸ್ವಲ್ಪ ಹೊಲ ಇದೆ. ಜನವರಿ ಬಂತು ಅಂದ್ರೆ ಸೋಮವಾರ ಬೆಳಿಗ್ಗೆ ಅವರ ಹೆಗಲ ಮೇಲೆ ಒಂದು ಗೊಬ್ಬರದ ಚೀಲ ಇರುತ್ತೆ. ಅದರ ತುಂಬ ಅವರೆಕಾಯಿ. ಆಫೀಸ್ ಬಾಗಿಲು ತೆಗೆಯೋ ಮುಂಚೆನೇ ಸೊಗಡು ಲಿಫ್ಟಿನೊಳಗೆ ಬಂದಿರುತ್ತೆ. ಕೂತ್ಕೊಂಡು ಕವರಿಗೆ ತುಂಬ್ತಾರೆ. ಮ್ಯಾನೇಜರಿಗೂ ಒಂದು, ಸೆಕ್ಯೂರಿಟಿಯವರಿಗೂ ಒಂದು, ನೆಲ ಒರೆಸೋ ಅಕ್ಕನಿಗೂ ಒಂದು. ಎಲ್ಲಾ ಕವರೂ ಒಂದೇ ಅಳತೆ, ಅದನ್ನ ನಾನು ಗಮನಿಸಿದ್ದೀನಿ. ಮ್ಯಾನೇಜರ್ ಕವರ್ ಅಂತ ದಪ್ಪ ಇರಲ್ಲ. ಯಾರ ಹತ್ರನೂ ದುಡ್ಡು ಇಸ್ಕೊಳ್ಳಲ್ಲ. ಮೇಜಿನ ಮೇಲೆ ಇಟ್ಟು ಹೋಗ್ತಾ ಇರ್ತಾರೆ ಅಷ್ಟೆ.

ನಾನು ಈ ಆಫೀಸಿಗೆ ಸೇರಿದ ಮೊದಲನೇ ಜನವರಿ. ಸಂಕ್ರಾಂತಿ ಹತ್ತಿರ ಇತ್ತು. ಅಣ್ಣ ನನ್ನ ಮೇಜಿಗೂ ಬಂದು ಕವರ್ ಇಟ್ಟರು. "ಮೊದಲನೇ ಕೊಯ್ಲು ಸಾರ್, ತಗಳಿ" ಅಂದರು. ಮೊದಲನೇ ಕೊಯ್ಲು ಅಂದ ತಕ್ಷಣ ನನ್ನ ತಲೆಯಲ್ಲಿ ಒಂದು ಗಂಟೆ ಹೊಡೀತು. ಮೊದಲ ಫಸಲನ್ನ ದೇವರ ಮುಂದೆ ಇಟ್ಟು ಆಮೇಲೆ ಹಂಚೋ ಮನೆಗಳು ನಮ್ಮ ಕಡೆ ಎಷ್ಟೋ ಇವೆ. ನಾನು, ಅಕ್ಕಪಕ್ಕ ನಾಲ್ಕು ಜನ ಕೂತಿದ್ದಾಗಲೇ, ಕೇಳಿದೆ: "ಅಣ್ಣ, ಇದು ಪೂಜೆಗೆ ಇಟ್ಟಿದ್ದಾ?"

ಅವರಿಗೆ ಒಂದು ಕ್ಷಣ ಅರ್ಥ ಆಗಲಿಲ್ಲ. ಆಮೇಲೆ ಅರ್ಥ ಆಯ್ತು. ಅರ್ಥ ಆಗಿದ್ದು ಮುಖದಲ್ಲಿ ಕಾಣಿಸ್ತು. "ಇಲ್ಲ ಸಾರ್. ಬೆಳಿಗ್ಗೆ ಹೊಲದಲ್ಲಿ ಕಿತ್ತಿದ್ದು, ಹಂಗೇ ಚೀಲಕ್ಕೆ ಹಾಕ್ಕೊಂಡ್ ಬಂದೆ" ಅಂದು ಮುಂದಿನ ಮೇಜಿಗೆ ಹೋದರು. ನಾನು ಕವರ್ ತಗೊಂಡೆ. ಮನೆಗೆ ಒಯ್ದೆ. ಹೆಂಡತಿ ಸಾರು ಮಾಡಿದಳು, ಚೆನ್ನಾಗಿತ್ತು. ನನ್ನ ಮನಸ್ಸಾಕ್ಷಿ ಶುದ್ಧವಾಗಿದೆ, ಸಾಕ್ಷಿನೂ ಕೊಟ್ಟ ಹಾಗಾಯ್ತು ಅಂದ್ಕೊಂಡೆ.

ಮುಂದಿನ ಜನವರಿ ಚೀಲ ಬಂತು. ಎಲ್ಲರ ಮೇಜಿನ ಮೇಲೂ ಕವರ್ ಬಂತು. ನನ್ನ ಮೇಜಿಗೆ ಬರಲಿಲ್ಲ. ಮರೆತಿರಬಹುದು ಅಂತ ಒಂದು ವಾರ ಕಾದೆ. ಎರಡನೇ ಸೋಮವಾರನೂ ಇಲ್ಲ. ಪಕ್ಕದ ಹುಡುಗನನ್ನ ಮೆಲ್ಲಗೆ ಕೇಳಿದೆ. ಅವನು ಹೇಳಿದ್ದು: "ಸಾರ್, ಅಣ್ಣ ಹೇಳಿದ್ರು, ಪಾಸ್ಟ್ರಿಗೆ ನಮ್ಮನೆದು ಆಗಲ್ಲ, ಅವರಿಗೆ ಮುಜುಗರ ಮಾಡೋದು ಬೇಡ ಅಂತ."

ಕೋಪದಿಂದ ಬಿಟ್ಟಿದ್ದರೆ ನನಗೆ ಅಷ್ಟು ನೋವಾಗ್ತಿರಲಿಲ್ಲ. ಅವರು ನನ್ನ ಮೇಲಿನ ಮರ್ಯಾದೆಯಿಂದ ಬಿಟ್ಟಿದ್ದರು. "ನಮ್ಮನೆದು ಆಗಲ್ಲ." ಈ ಮಾತನ್ನ ನಮ್ಮ ನಾಡಿನಲ್ಲಿ ಯಾರು ಯಾರಿಗೆ, ಎಷ್ಟು ತಲೆಮಾರು ಹೇಳಿದ್ದಾರೆ ಅಂತ ನಿಮಗೆ ಗೊತ್ತು. ಇಲ್ಲಿ ಕೂತಿರೋ ಕೆಲವರ ಅಜ್ಜ ಅಜ್ಜಿಯರು ಆ ಮಾತು ಕೇಳಿಸಿಕೊಂಡವರು. ಯೇಸುವಿನ ಹತ್ತಿರ ಬಂದಾಗ ಅದು ಮುಗೀತು ಅಂತ ಸಂತೋಷಪಟ್ಟವರು. ಅದೇ ಮಾತನ್ನ ನಾನು ಇನ್ನೊಬ್ಬ ಮನುಷ್ಯನ ಬಾಯಲ್ಲಿ ಬರುವ ಹಾಗೆ ಮಾಡಿದ್ದೆ. ಅದೂ ಅವರೆಕಾಯಿಗೋಸ್ಕರ.

ಈಗ 1 ಕೊರಿಂಥ 10 ನೋಡಿ. ಬೈಬಲ್ ಕಾಲೇಜಿನಲ್ಲಿ ಈ ಅಧ್ಯಾಯದ ಮೇಲೆ ನಾನು ಪರೀಕ್ಷೆ ಬರೆದಿದ್ದೀನಿ, ಮಾರ್ಕ್ಸೂ ಚೆನ್ನಾಗಿ ಬಂದಿತ್ತು. ಕೊರಿಂಥ ಪಟ್ಟಣದಲ್ಲಿ ಗುಡಿಗಳಲ್ಲಿ ಬಲಿ ಕೊಟ್ಟ ಮಾಂಸ ಮಾರುಕಟ್ಟೆಗೂ ಬರುತ್ತಿತ್ತು. ಅಂಗಡಿಯಲ್ಲಿ ನೇತು ಹಾಕಿರೋದರಲ್ಲಿ ಯಾವುದು ಎಲ್ಲಿಂದ ಬಂತು ಅಂತ ಹೇಳೋದು ಕಷ್ಟ. ವಿಶ್ವಾಸಿಗಳಿಗೆ ಗೊಂದಲ. ಪೌಲನು 25ನೇ ವಚನದಲ್ಲಿ ಏನು ಹೇಳ್ತಾನೆ? ಅಂಗಡಿಯಲ್ಲಿ ಮಾರುವುದನ್ನು ತಿನ್ನಿ, ಮನಸ್ಸಾಕ್ಷಿಯ ಹೆಸರಿನಲ್ಲಿ ವಿಚಾರಣೆ ಮಾಡಬೇಡಿ ಅಂತಾನೆ. 27ನೇ ವಚನದಲ್ಲಿ ಇನ್ನೂ ಹತ್ತಿರ ಬರ್ತಾನೆ. ಕ್ರಿಸ್ತನನ್ನು ನಂಬದವನೊಬ್ಬ ನಿಮ್ಮನ್ನು ಊಟಕ್ಕೆ ಕರೆದರೆ, ಹೋಗಲು ಮನಸ್ಸಿದ್ದರೆ ಹೋಗಿ, ಬಡಿಸಿದ್ದನ್ನು ತಿನ್ನಿ. ಅಲ್ಲೂ ವಿಚಾರಣೆ ಬೇಡ. ಕಾರಣ 26ನೇ ವಚನದಲ್ಲಿದೆ. 24ನೇ ಕೀರ್ತನೆಯನ್ನು ಹಿಡಿದುಕೊಂಡು ಅವನು ಹೇಳೋದು, ಭೂಮಿ ಕರ್ತನದು, ಅದರಲ್ಲಿ ಬೆಳೆಯೋದೂ ಆತನದೇ. ಮಾಗಡಿಯ ಹೊಲವೂ ಆ ಭೂಮಿಯಲ್ಲೇ ಇದೆ.

28ನೇ ವಚನ ಬಿಟ್ಟು ಓದಬಾರದು. ಯಾರಾದರೂ ತಾವಾಗಿಯೇ "ಇದು ವಿಗ್ರಹಕ್ಕೆ ಅರ್ಪಿಸಿದ್ದು" ಅಂತ ನಿಮಗೆ ತಿಳಿಸಿದರೆ ತಿನ್ನಬೇಡಿ ಅಂತಾನೆ. ಅಲ್ಲೂ ಕಾರಣ ನೋಡಿ, ತಿಳಿಸಿದವನ ಮನಸ್ಸಾಕ್ಷಿಗೋಸ್ಕರ. ಆಫೀಸಿನಲ್ಲಿ ಯಾರಾದರೂ ಪ್ರಸಾದ ಅಂತ ಹೇಳಿಯೇ ಕೊಟ್ಟರೆ ಏನು ಮಾಡಬೇಕು ಅಂತ ನೀವು ತುಂಬಾ ಜನ ನನ್ನನ್ನ ಕೇಳಿದ್ದೀರಿ. ಮರ್ಯಾದೆಯಿಂದ, ನಗುಮುಖದಿಂದ, ಕೈಮುಗಿದು ಬೇಡ ಅನ್ನಿ. ಭಾಷಣ ಮಾಡಬೇಡಿ. ಅದರಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಅಣ್ಣ ನನಗೆ ಹಾಗೆ ಹೇಳಿರಲಿಲ್ಲ. "ಮೊದಲನೇ ಕೊಯ್ಲು" ಅಂದಿದ್ದರು ಅಷ್ಟೆ. ಕೇಳಬೇಡ ಅಂತ ಎರಡು ಸಲ ಬರೆದಿರೋ ಜಾಗದಲ್ಲಿ ನಾನು ಕೇಳಿದೆ. ವಾಕ್ಯಕ್ಕಿಂತ ಜಾಸ್ತಿ ಪರಿಶುದ್ಧನಾಗಲು ಹೋಗಿ ವಾಕ್ಯವನ್ನೇ ಮೀರಿದೆ.

ಇನ್ನೂ ಒಂದಿದೆ. ಆ ಜನವರಿಗೆ ಇಪ್ಪತ್ತು ದಿನ ಹಿಂದೆ, ಕ್ರಿಸ್ಮಸ್ಸಿಗೆ, ನಾನು ಆಫೀಸಿನಲ್ಲಿ ಪ್ಲಮ್ ಕೇಕ್ ಹಂಚಿದ್ದೆ. ಆ ಕೇಕಿನ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿಯೇ ತಂದಿದ್ದೆ. ಅಣ್ಣ ತಗೊಂಡು ಅಲ್ಲೇ ತಿಂದರು. "ಇದರ ಮೇಲೆ ಏನಾದರೂ ಪ್ರಾರ್ಥನೆ ಮಾಡಿದ್ದೀರಾ" ಅಂತ ಅವರು ಕೇಳಲಿಲ್ಲ. ಇನ್ನೊಂದು ತುಂಡನ್ನ ಪೇಪರಿನಲ್ಲಿ ಸುತ್ತಿ ಮೊಮ್ಮಗಳಿಗೆ ಅಂತ ಜೇಬಿಗೆ ಹಾಕ್ಕೊಂಡರು.

ಈಗ 2 ಸಮುವೇಲ 17. ಹಿನ್ನೆಲೆ ಚಿಕ್ಕದಾಗಿ ಹೇಳ್ತೀನಿ. ದಾವೀದನು ಓಡಿ ಹೋಗ್ತಿದ್ದಾನೆ. ಅಟ್ಟಿಸಿಕೊಂಡು ಬರ್ತಿರೋದು ಹೊರಗಿನ ಶತ್ರು ಅಲ್ಲ, ಸ್ವಂತ ಮಗ ಅಬ್ಷಾಲೋಮ. ಯೊರ್ದನ್ ದಾಟಿ ಮಹನಯಿಮ್ ಅನ್ನೋ ಊರಿಗೆ ಬಂದಿದ್ದಾನೆ. ಒಂದು ಕಾಲಕ್ಕೆ ಸೌಲನ ಮಗ ಇದೇ ಊರಿನಲ್ಲಿ ಕೂತು ದಾವೀದನಿಗೆ ಎದುರಾಗಿ ಆಳಿದ್ದ. ಅಂಥ ಊರಿಗೆ ಮೂರು ಜನ ಸಾಮಾನು ಹೊತ್ತು ಬರ್ತಾರೆ. ಪಟ್ಟಿ ನೋಡಿ: ಹಾಸಿಗೆ, ಬಟ್ಟಲು, ಮಡಕೆ, ಗೋದಿ, ಜವೆಗೋದಿ, ಹಿಟ್ಟು, ಹುರಿದ ಕಾಳು, ಅವರೆ ಜಾತಿಯ ಕಾಳು, ಬೇಳೆ, ಜೇನು, ಮೊಸರು, ಕುರಿ, ಗಿಣ್ಣು. ದಿನಸಿ ಅಂಗಡಿ ಚೀಟಿ ತರ ಇದೆ. ಪವಿತ್ರಾತ್ಮನು ಇದನ್ನ "ಊಟ ಕೊಟ್ಟರು" ಅಂತ ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಮುಗಿಸಲಿಲ್ಲ. ಕಾಳು ಕಾಳೂ ಬರೆಸಿಟ್ಟಿದ್ದಾನೆ.

ಮೂರು ಜನ ಯಾರು? ಒಬ್ಬ ಬರ್ಜಿಲ್ಲೈ, ಎಂಬತ್ತು ವರ್ಷದ ಮುದುಕ. ಇನ್ನೊಬ್ಬ ಲೋದೆಬಾರಿನ ಮಾಕೀರ. ಸೌಲನ ಮೊಮ್ಮಗ, ಎರಡು ಕಾಲೂ ಕುಂಟಾಗಿದ್ದ ಮೆಫೀಬೋಶೆತನನ್ನು ಮನೆಯಲ್ಲಿಟ್ಟುಕೊಂಡಿದ್ದವನು ಇವನೇ, 9ನೇ ಅಧ್ಯಾಯದಲ್ಲಿದೆ. ಆದರೆ ಪಟ್ಟಿಯಲ್ಲಿ ಮೊದಲ ಹೆಸರು ಶೋಬಿ. ನಾಹಾಷನ ಮಗ, ಅಮ್ಮೋನಿಯರ ರಬ್ಬಾ ಊರಿನವನು. ಇಸ್ರಾಯೇಲ್ಯನೇ ಅಲ್ಲ.

ಈ ಹೆಸರಿನ ಹತ್ತಿರ ಸ್ವಲ್ಪ ನಿಲ್ಲಿ. ನಾಹಾಷ ಅನ್ನೋ ಹೆಸರು 10ನೇ ಅಧ್ಯಾಯದಲ್ಲೂ ಇದೆ. ಅಮ್ಮೋನಿಯರ ಅರಸ ನಾಹಾಷ ಸತ್ತಾಗ ದಾವೀದನು ಅವನ ಮಗ ಹಾನೂನನಿಗೆ ಸಾಂತ್ವನ ಹೇಳೋಕೆ ಜನ ಕಳಿಸ್ತಾನೆ. ಹಾನೂನನ ಮಂತ್ರಿಗಳು ಏನಂತಾರೆ? ಇದು ದುಃಖ ಹಂಚಿಕೊಳ್ಳೋಕೆ ಬಂದದ್ದಲ್ಲ, ಊರು ನೋಡಿಕೊಂಡು ಹೋಗೋಕೆ ಬಂದ ಗೂಢಚಾರರು ಅಂತಾರೆ. ಹಾನೂನ ನಂಬಿಬಿಡ್ತಾನೆ. ಬಂದವರ ಅರ್ಧ ಗಡ್ಡ ಬೋಳಿಸಿ, ಬಟ್ಟೆ ಕತ್ತರಿಸಿ ಕಳಿಸ್ತಾನೆ. ಅದರಿಂದ ಯುದ್ಧ. ಕೊನೆಗೆ ರಬ್ಬಾ ಪಟ್ಟಣವನ್ನೇ ದಾವೀದನು ಹಿಡಿತಾನೆ, 12ನೇ ಅಧ್ಯಾಯ. ಒಬ್ಬರು ತೋರಿಸಿದ ದಯೆಯನ್ನ "ಇದರ ಹಿಂದೆ ಏನಿದೆ" ಅಂತ ವಿಚಾರಣೆ ಮಾಡಿದ್ದರಿಂದ ಶುರುವಾದ ಯುದ್ಧ ಅದು.

ಈಗ ಅದೇ ರಬ್ಬಾದಿಂದ ಒಬ್ಬ ಬಂದು ದಾವೀದನ ಮುಂದೆ ಕಾಳಿನ ಮೂಟೆ ಇಳಿಸ್ತಾನೆ. ದಾವೀದನಿಗೆ ಸಂಶಯ ಪಡೋಕೆ ಎಲ್ಲಾ ಕಾರಣನೂ ಇತ್ತು. ನಾನು ಇವರ ಊರು ಹಿಡಿದವನು, ಇವನು ಯಾಕೆ ಊಟ ತಂದ? ವಿಷ ಇದೆಯಾ? ಅವರ ದೇವರಿಗೆ ಇಟ್ಟಿದ್ದಾ? ಅಂಥ ಒಂದು ಪ್ರಶ್ನೆನೂ ಇಲ್ಲಿ ಬರೆದಿಲ್ಲ. 29ನೇ ವಚನದಲ್ಲಿ ತಂದವರ ಮನಸ್ಸು ಮಾತ್ರ ಬರೆದಿದೆ: ಅರಣ್ಯದಲ್ಲಿ ಈ ಜನ ಹಸಿದು, ದಣಿದು, ಬಾಯಾರಿದ್ದಾರೆ ಅಂತ ಅವರು ಅಂದುಕೊಂಡರು. ಅಷ್ಟೆ. ಸುತ್ತಲಿನ ರಾಜ್ಯಗಳನ್ನ ಗೆದ್ದ ಅರಸ, ಗೆದ್ದವರ ಕೈಯಿಂದ ಕಾಳು ತಗೊಂಡು ತಿಂದ.

ನಾವು ಯುವಕರು ಇದನ್ನ ಕಲಿಯೋಕೆ ಯಾಕೆ ಕಷ್ಟಪಡ್ತೀವಿ ಅಂತ ತುಂಬಾ ಯೋಚಿಸಿದ್ದೀನಿ. ನಮಗೆ ಸಭೆಯಲ್ಲಿ ಕೊಡೋದನ್ನ ಕಲಿಸಿದ್ದಾರೆ. ದಶಮಾಂಶ ಕೊಡಿ, ಸಾಕ್ಷಿ ಕೊಡಿ, ಕೇಕ್ ಕೊಡಿ, ಕರಪತ್ರ ಕೊಡಿ. ಒಳ್ಳೇದೇ. ಹಾಗಾಗಿ ಆಫೀಸಿನಲ್ಲಿ ನಾವು ಯಾವಾಗಲೂ ಕೊಡೋ ಕಡೆ ನಿಂತಿರ್ತೀವಿ, ಬೇರೆಯವರು ತಗೊಳ್ಳೋ ಕಡೆ. ನಮ್ಮ ಹತ್ತಿರ ಇದೆ, ಅವರ ಹತ್ತಿರ ಇಲ್ಲ. ಒಂದು ದಿನ ಅವರು ಕೊಡೋಕೆ ಬಂದರೆ ನಮಗೆ ಕೈ ಚಾಚೋದು ಗೊತ್ತಾಗಲ್ಲ.

ಜೊತೆಗೆ ಈ ಊರು ನಮ್ಮನ್ನ ಋಣ ಇಲ್ಲದೆ ಬದುಕೋಕೆ ಅಭ್ಯಾಸ ಮಾಡಿಸಿದೆ. ಹತ್ತು ನಿಮಿಷದಲ್ಲಿ ಆ್ಯಪ್‌ನವರು ಸುಲಿದ ಅವರೆಕಾಳನ್ನೇ ಬಾಗಿಲಿಗೆ ತಂದು ಕೊಡ್ತಾರೆ. ದುಡ್ಡು ಆಗಲೇ ಕಟ್ ಆಗಿರುತ್ತೆ. ತಂದ ಹುಡುಗನ ಮುಖ ನೋಡಬೇಕಾಗಿಲ್ಲ. ಯಾರಿಗೂ ಏನೂ ಬಾಕಿ ಇಲ್ಲ. ಆದರೆ ಮೇಜಿನ ಮೇಲೆ ಒಬ್ಬರು ಸುಮ್ಮನೆ ಕವರ್ ಇಟ್ಟು ಹೋದರೆ ನಾವು ಸಾಲಗಾರರಾಗಿಬಿಡ್ತೀವಿ. ಅದಕ್ಕೆ "ಅಯ್ಯೋ ಬೇಡ ಬೇಡ" ಅಂತೀವಿ, ಇಲ್ಲ ತಕ್ಷಣ ಜೇಬಿಗೆ ಕೈ ಹಾಕ್ತೀವಿ. ನಾನು ಪೂಜೆ ಅಂತ ಒಂದು ನೆಪ ಹುಡುಕಿದೆ. ಒಳಗೆ ಇದ್ದದ್ದು ಇದೂ ಇರಬಹುದು. ರೋಮಾ 13:8ರಲ್ಲಿ ಪೌಲನು ಎಲ್ಲಾ ಸಾಲ ತೀರಿಸಿಬಿಡಿ ಅಂದು, ಪ್ರೀತಿಯ ಸಾಲ ಒಂದನ್ನು ಮಾತ್ರ ಉಳಿಸ್ತಾನೆ. ನಾವು ಅದನ್ನೂ ಯುಪಿಐನಲ್ಲಿ ತೀರಿಸೋಕೆ ನೋಡ್ತೀವಿ.

ಆ ಕವರಿನ ಬೆಲೆ ನನಗೆ ಗೊತ್ತಾಗಿದ್ದು ಆಮೇಲೆ. ಹಳ್ಳಿಯಲ್ಲಿ ರಾಗಿ ಹೊಲದ ಮಧ್ಯೆ ಅಕ್ಕಡಿ ಸಾಲು ಅಂತ ಬಿಡ್ತಾರೆ, ಅದರಲ್ಲಿ ಅವರೆ ಹಾಕ್ತಾರೆ. ರಾಗಿ ಕೊಯ್ದು ಹೊಲ ಖಾಲಿಯಾದ ಮೇಲೂ ಅವರೆ ಬಳ್ಳಿ ಅಲ್ಲೇ ನಿಂತಿರುತ್ತೆ. ಆಗ ಮಳೆ ಇರಲ್ಲ, ನೆಲದಲ್ಲಿ ಉಳಿದ ತೇವದಲ್ಲಿ, ರಾತ್ರಿ ಬೀಳೋ ಇಬ್ಬನಿಯಲ್ಲಿ ಅದು ಕಾಯಿ ತುಂಬುತ್ತೆ. ನಾಟಿ ಅವರೆ ಹಗಲು ಚಿಕ್ಕದಾಗೋ ಕಾಲಕ್ಕೇ ಹೂ ಬಿಡೋದು. ಈಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರ ಹೆಬ್ಬಾಳ ಅವರೆ ತಳಿಗಳು ಬಂದು ವರ್ಷ ಪೂರ್ತಿ ಬೆಳೀಬಹುದು. ಆದರೆ ಅಣ್ಣನ ಮಾತಿನಲ್ಲಿ ಹೇಳೋದಾದರೆ "ಚಳಿ ಬೀಳ್ದೆ ಸೊಗಡು ಬರಾಕಿಲ್ಲ". ಭಾನುವಾರ ರಾತ್ರಿ ಬೇಗ ಮಲಗಿ, ಸೋಮವಾರ ನಸುಕಿಗೆ ಎದ್ದು, ಟಾರ್ಚ್ ಹಿಡ್ಕೊಂಡು, ಇಬ್ಬನಿಯಲ್ಲಿ ಗಂಡ ಹೆಂಡತಿ ಇಬ್ಬರೂ ಕಿತ್ತು ಚೀಲ ತುಂಬ್ತಾರೆ. ಮಾರಿದರೆ ದುಡ್ಡು ಬರುತ್ತೆ, ಸೀಸನ್ನಿನಲ್ಲಿ ವ್ಯಾಪಾರಿಗಳು ಊರಿಗೇ ಬರ್ತಾರಂತೆ. ಮಾರೋದನ್ನ ಮಾರ್ತಾರೆ. ಒಂದು ಚೀಲ ಮಾತ್ರ ಆಫೀಸಿಗೆ.

ಯಾಜಕಕಾಂಡ 19ರಲ್ಲಿ ಹೊಲದ ಅಂಚನ್ನ ಪೂರ್ತಿ ಕೊಯ್ಯಬೇಡ, ಬಡವನಿಗೂ ಪರದೇಶಿಗೂ ಬಿಡು ಅನ್ನೋ ಆಜ್ಞೆ ಇದೆ. ಅದನ್ನ ನಾನು ನಿಮಗೆ ಎಷ್ಟು ಸಲ ಬೋಧಿಸಿದ್ದೀನಿ. ಆದರೆ ಬೋಧಿಸುವಾಗೆಲ್ಲ ನಾವು ಹೊಲದ ಯಜಮಾನರು ಅಂತಲೇ ಅಂದುಕೊಂಡು ಬೋಧಿಸಿದ್ದೆ. ನಮ್ಮ ಯಾರ ಹತ್ತಿರ ಹೊಲ ಇದೆ ಹೇಳಿ? ಅಣ್ಣನ ಹೊಲದ ಅಂಚಿನಲ್ಲಿ ನಿಂತ ಪರದೇಶಿ ನಾನೇ ಆಗಿದ್ದೆ. ಆ ಆಜ್ಞೆಯನ್ನ ಅವರು ಓದಿಲ್ಲ. ಮಾಡ್ತಿದ್ದರು.

ಸರಿ, ಆಮೇಲೆ ಏನಾಯ್ತು. ಎರಡನೇ ಜನವರಿ ಪೂರ್ತಿ ನಾನು ಬಾಯಿ ಬಿಡಲಿಲ್ಲ, ಅಹಂಕಾರ. ಮೂರನೇ ಜನವರಿ, ಅಂದರೆ ಹೋದ ವರ್ಷ, ಯೋಹಾನ 4 ಓದುತ್ತಿದ್ದೆ. ಸಮಾರ್ಯದ ಹೆಂಗಸಿನ ಹತ್ತಿರ ಯೇಸು ಮೊದಲು ಏನು ಮಾಡ್ತಾನೆ? ಜೀವಜಲದ ಮಾತು ಆಮೇಲೆ. ಮೊದಲು ಕುಡಿಯೋಕೆ ನೀರು ಕೇಳ್ತಾನೆ. ಯೆಹೂದ್ಯರು ಯಾರ ಪಾತ್ರೆ ಮುಟ್ಟುತ್ತಿರಲಿಲ್ಲವೋ ಅವಳ ಕೊಡದಿಂದ. ಅವಳಿಗೇ ಆಶ್ಚರ್ಯ ಆಗುತ್ತೆ. ದೇವಕುಮಾರನು ದಣಿದು, ಬಾವಿಯ ಬಳಿ ಕೂತು, "ನನಗೆ ಬೇಕು" ಅಂತ ಕೇಳಿದ.

ಸೋಮವಾರ ಸ್ಟೋರ್ಸಿಗೆ ಹೋದೆ. ಚೀಲ ಆಗಲೇ ಖಾಲಿಯಾಗಿತ್ತು. "ಅಣ್ಣ, ಎರಡು ವರ್ಷದ ಹಿಂದೆ ನಾನು ಹಾಗೆ ಕೇಳಬಾರದಿತ್ತು. ತಪ್ಪಾಯ್ತು. ನನಗೂ ಒಂದು ಕವರ್ ಕೊಡ್ತೀರಾ?" ಅಂದೆ. ಅವರು ರಿಜಿಸ್ಟರಿನಿಂದ ತಲೆ ಎತ್ತಿ ನೋಡಿದರು. "ಅಯ್ಯೋ ಪಾಸ್ಟ್ರೇ, ಅದನ್ನ ಇನ್ನೂ ಇಟ್ಕೊಂಡಿದ್ದೀರಾ? ಇವತ್ತು ಆಗೋಯ್ತು. ಬರೋ ವಾರ ತತ್ತೀನಿ. ಹಿತಕಿದ ಬೇಳೆ ಮಾಡಕ್ಕೆ ಬರ್ತದಾ ಮನೇಲಿ?" ಬರಲ್ಲ ಅಂದೆ, ನನ್ನ ಹೆಂಡತಿ ಮಂಗಳೂರು ಕಡೆಯವಳು. ಕಾಳನ್ನ ರಾತ್ರಿ ಪೂರ್ತಿ ನೆನೆಸಬೇಕು, ಬೆಳಿಗ್ಗೆ ಒಂದೊಂದೇ ಹಿತುಕಿ ಸಿಪ್ಪೆ ತೆಗೀಬೇಕು, ಮಸಾಲೆಗೆ ಏನೇನು ಅಂತ ಹತ್ತು ನಿಮಿಷ ನಿಂತು ಹೇಳಿದರು. ಮುಂದಿನ ವಾರ ಕವರ್ ಬಂತು. ಎಲ್ಲರಷ್ಟೇ ಅಳತೆ.

ನೀವು ಕೇಳಬಹುದು, ಅಣ್ಣ ಸಭೆಗೆ ಬಂದರಾ? ಇಲ್ಲ. ಅವರಿಗೋಸ್ಕರ ನಾನು ಪ್ರಾರ್ಥಿಸ್ತೀನಿ, ಪ್ರಾರ್ಥಿಸ್ತಾನೇ ಇರ್ತೀನಿ. ಆದರೆ ಇದು ಆ ತರದ ಸಾಕ್ಷಿ ಅಲ್ಲ. "ನಾನು ಅವರೆಕಾಯಿ ತಗೊಂಡೆ, ಅದಕ್ಕೆ ಅವರು ನನ್ನ ಮಾತು ಕೇಳಬೇಕು" ಅಂತ ಲೆಕ್ಕ ಹಾಕಿದರೆ ಅದೂ ಒಂದು ವ್ಯಾಪಾರವೇ.

ದಾವೀದನ ಕಥೆಯಲ್ಲಿ ಒಂದು ಉಳಿದಿದೆ. ಯುದ್ಧ ಮುಗಿದ ಮೇಲೆ, 19ನೇ ಅಧ್ಯಾಯದಲ್ಲಿ, ಅವನು ಬರ್ಜಿಲ್ಲೈಯನ್ನ ಯೆರೂಸಲೇಮಿಗೆ ಕರೀತಾನೆ, ನನ್ನ ಜೊತೆ ಇರು, ನಾನು ಸಾಕ್ತೀನಿ ಅಂತಾನೆ. ಮುದುಕ ನಗೆಯಾಡಿದ ಹಾಗಿದೆ: ನನಗೆ ಎಂಬತ್ತಾಯ್ತು, ನಾಲಿಗೆಗೆ ರುಚಿ ಗೊತ್ತಾಗಲ್ಲ, ಹಾಡು ಕಿವಿಗೆ ಕೇಳಲ್ಲ, ನನ್ನ ಊರಿಗೆ ಹೋಗೋಕೆ ಬಿಡು ಅಂತಾನೆ. ದಾವೀದ ಒತ್ತಾಯ ಮಾಡಲ್ಲ, ಮುದ್ದಿಟ್ಟು ಕಳಿಸ್ತಾನೆ. ಆದರೆ ಮರೆಯಲ್ಲ. 1 ಅರಸುಗಳು 2:7ರಲ್ಲಿ, ಸಾಯುವ ಮುಂಚೆ ಸೊಲೊಮೋನನಿಗೆ ಹೇಳೋ ಕೊನೆಯ ಮಾತುಗಳಲ್ಲಿ, ಬರ್ಜಿಲ್ಲೈಯ ಮಕ್ಕಳಿಗೆ ನಿನ್ನ ಪಂಕ್ತಿಯಲ್ಲಿ ಊಟ ಇರಲಿ ಅಂತಾನೆ. ಹೊಟ್ಟೆಗೆ ಹಾಕಿದ ಕಾಳು ಅಷ್ಟು ವರ್ಷ ನೆನಪಿತ್ತು. ಶೋಬಿಯ ಹೆಸರು ಮಾತ್ರ ಮತ್ತೆ ಎಲ್ಲೂ ಬರಲ್ಲ. ಬಂದ, ಮೂಟೆ ಇಳಿಸಿದ, ಹೋದ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಆಫೀಸಿನಲ್ಲಿ, ಪಿಜಿಯಲ್ಲಿ, ನಂಬಿಕೆಯಲ್ಲಿ ನಮ್ಮವರಲ್ಲದ ಯಾರು ನಿಮಗೆ ಏನು ಕೊಟ್ಟಿದ್ದಾರೆ ಅಂತ ಬರೀರಿ. ದಾವೀದನ ಪಟ್ಟಿ ತರ, ಹೆಸರು ಮತ್ತು ಸಾಮಾನು. ಟಿಫಿನ್ ಬಾಕ್ಸಿನ ಅರ್ಧ ಚಪಾತಿನೂ ಬರೀರಿ. ಮುಂದಿನ ಭಾನುವಾರ ಆ ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರು ಹೇಳಿ ಸ್ತೋತ್ರ ಮಾಡೋಣ.

ಕೊನೆಗೆ ಒಂದು ಅನೌನ್ಸ್‌ಮೆಂಟ್. ಹಿಂದಿನ ಬೆಂಚಿನ ಹತ್ತಿರ ಎರಡು ಗೊಬ್ಬರದ ಚೀಲ ಇದೆ, ನೀವೆಲ್ಲ ಒಳಗೆ ಬರುವಾಗಲೇ ವಾಸನೆ ಹಿಡಿದಿರಿ. ಈ ಸಲ ಚೆನ್ನಾಗಿ ಕಾಯಿ ಬಿಟ್ಟಿದೆಯಂತೆ. "ನಿಮ್ ಸಭೆ ಹುಡುಗ್ರಿಗೆ ಪಾಸ್ಟ್ರೇ, ಪಿಜಿ ಊಟ ತಿಂದು ತಿಂದು ಸಾಕಾಗಿರ್ತದೆ" ಅಂತ ಅಣ್ಣ ಕಳಿಸಿದ್ದಾರೆ. ಅಡುಗೆ ಮನೆ ಇರೋರು ಒಂದೊಂದು ಕವರ್ ತಗೊಂಡು ಹೋಗಿ. ಪಿಜಿಯವರು ಆರಾಧನೆ ಆದ ಮೇಲೆ ಕೂತು ಸುಲೀರಿ, ಆಂಟಿಯರು ಅವರೆಕಾಳು ಉಪ್ಪಿಟ್ಟು ಮಾಡ್ತಾರೆ. ಔಷಧಿ ಹೊಡೆದಿಲ್ಲ, ಹಾಗಾಗಿ ಹುಳ ಇರುತ್ತೆ, ಕಿರುಚಬೇಡಿ. ಸಿಪ್ಪೆಯನ್ನ ಒಂದು ಕಡೆ ಗುಡ್ಡೆ ಹಾಕಿ, ಪಕ್ಕದ ಮನೆಯವರು ಹಸುವಿಗೆ ಬೇಕು ಅಂದಿದ್ದಾರೆ.

ಎದ್ದು ನಿಲ್ಲಿ, ಪ್ರಾರ್ಥಿಸೋಣ.